ಉಪಾಧ್ಯಾಯರ ಆತ್ಮವಿಮರ್ಶೆ

ಮಗುವಿಗೆ ಪಾಠ ಬಾರದಿದ್ದರೆ ಅದು ಯಾರ ಕೊರತೆ? ಮಗು ದಡ್ಡ, ಮನೆಯಲ್ಲಿ ಓದಿಸುವವರಿಲ್ಲ, ಶ್ರದ್ಧೆ ಸಾಲದು ಎಂಬ ಮೂರು ಉತ್ತರಗಳು ನಮ್ಮ ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಈ ಮೂರರಲ್ಲಿಯೂ ಕಲಿಸುವವರ ಮಾತೇ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಒಳ್ಳೆಯ ಉಪಾಧ್ಯಾಯರಾದರೋ, ತಾವು ಕಲಿಸಿದ ರೀತಿ ಆ ಮಗುವಿಗೆ ತಕ್ಕುದಾಗಿತ್ತೆ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಈ ಒಂದು ಪ್ರಶ್ನೆಯಿಂದ ತರಗತಿಯಲ್ಲಿ ಎಂತಹ ಮಾರ್ಪಾಡು ಆಗಬಲ್ಲುದೆಂಬುದೇ ಈ ಹೊತ್ತಿನ ವಿಷಯ.

ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಂತಹ ಬಡಾವಣೆಯ ಸರ್ಕಾರಿ ಪಾಠಶಾಲೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಒಂದು ಮಗುವಿನ ಮನೆಮಾತು ತೆಲುಗು, ಮತ್ತೊಂದರದು ತಮಿಳು, ಇನ್ನೊಂದರದು ಉರ್ದು. ಕಟ್ಟಡದ ಕೆಲಸಕ್ಕೆಂದು ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಗು ಕನ್ನಡವನ್ನೇ ಆಡುತ್ತದೆ; ಆದರೆ ಅದು ಪುಸ್ತಕದ ಕನ್ನಡವಲ್ಲ, ಪಕ್ಕದಲ್ಲಿ ಕುಳಿತ ಮಗುವಿನ ಕನ್ನಡವೂ ಅಲ್ಲ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದ ಸಂಸಾರ ಹಿಂದಿರುಗುವಷ್ಟರಲ್ಲಿ ಪಾಠ ಹತ್ತು ಪುಟ ಮುಂದೆ ಸಾಗಿರುತ್ತದೆ. ಹಿಂದಿನದು ತಿಳಿಯದ ಮಗುವಿಗೆ ಮುಂದಿನದು ತಿಳಿಯುವುದೆಂತು? ಇಂತಹ ಮಗು ಮೊದಲು ಮೌನವಾಗುತ್ತದೆ, ಬಳಿಕ ದಡ್ಡನೆನಿಸಿಕೊಳ್ಳುತ್ತದೆ, ಕೊನೆಗೆ ಶಾಲೆಯನ್ನೇ ಬಿಡುವುದೂ ಉಂಟು.

ಈ ತೊಡಕನ್ನು ಬಿಡಿಸಲು ನಮ್ಮ ನಾಡಿನ ಉಪಾಧ್ಯಾಯರೇ ಕೈಹಾಕಿದ ಉದಾಹರಣೆಯೊಂದುಂಟು. ಅದು ಮೊದಲಾದುದು ನಗರದಲ್ಲಲ್ಲ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಾಡಂಚಿನ ಆ ಸೀಮೆಯಲ್ಲಿ ಒಬ್ಬಿಬ್ಬರು ಉಪಾಧ್ಯಾಯರೇ ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾಗಿತ್ತು. 1995ರಲ್ಲಿ ಅವರಲ್ಲಿ ಕೆಲವರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮಶಾಲೆಗಳ ಬೋಧನಾಕ್ರಮವನ್ನು ನೋಡಿ ಬಂದರು. ಕಂಡುದನ್ನು ಹಾಗೆಯೇ ನಕಲುಮಾಡದೆ, ತಮ್ಮ ಮಕ್ಕಳಿಗೆ ಒಗ್ಗುವಂತೆ ಕನ್ನಡದ ಕಲಿಕಾ ಕಾರ್ಡುಗಳನ್ನು ತಾವೇ ಕುಳಿತು ಸಿದ್ಧಪಡಿಸಿದರು. ಯುನಿಸೆಫ್ ಸಂಸ್ಥೆಯ ನೆರವೂ ದೊರೆಯಿತು. ‘ನಲಿ-ಕಲಿ’ ಎಂದು ಹೆಸರಾದುದು ಇದೇ. 2009-10ನೆಯ ಸಾಲಿನಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೆ ವಿಸ್ತರಿಸಲಾಯಿತು. ಹೀಗೆ ಕಾಡಂಚಿನ ಪ್ರಯೋಗ ಬೆಂಗಳೂರಿಗೂ ಬಂದಿತು.

ಈ ಪದ್ಧತಿಯಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ, ‘ಕಲಿಕಾ ಏಣಿ’ಯೆಂದು ಗೋಡೆಯ ಮೇಲೆ ತೂಗುಹಾಕುತ್ತಾರೆ. ಪ್ರತಿಯೊಂದು ಮಗುವೂ ತಾನಿರುವ ಮೆಟ್ಟಿಲನ್ನು ಚಿತ್ರದ ಗುರುತಿನಿಂದ ತಿಳಿದು, ಅದಕ್ಕೆ ತಕ್ಕ ಕಾರ್ಡನ್ನು ತೆಗೆದುಕೊಳ್ಳುತ್ತದೆ. ತಿಂಗಳು ಬಿಟ್ಟು ಬಂದ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ತರಗತಿಯಲ್ಲಿ ಐದು ಗುಂಪುಗಳು: ಉಪಾಧ್ಯಾಯರ ಪೂರ್ಣ ಬೆಂಬಲ ಬೇಕಾದವರು, ಭಾಗಶಃ ಬೇಕಾದವರು, ಗೆಳೆಯರ ಪೂರ್ಣ ಬೆಂಬಲದಿಂದ ಕಲಿಯುವವರು, ಅದರ ಭಾಗಶಃ ಬೆಂಬಲದಿಂದ ಕಲಿಯುವವರು, ತಾವಾಗಿಯೇ ಕಲಿಯುವವರು. ಅಕ್ಷರಗಳನ್ನು ಕಲಿಸುವುದು ವರ್ಣಮಾಲೆಯ ಕ್ರಮದಲ್ಲಿ ಅಲ್ಲ; ರ, ಗ, ಸ, ದ, ಅ ಎಂಬ ಐದರಿಂದ ಆರಂಭ. ಇವಿಷ್ಟು ಬಂದೊಡನೆಯೇ ಮಗು ‘ಸರ’, ‘ಅರಸ’, ‘ಅಗಸ’, ‘ಗರಗಸ’ ಎಂದು ಓದಬಲ್ಲುದು. ಐವತ್ತು ಅಕ್ಷರಗಳು ಮುಗಿಯುವವರೆಗೆ ಓದಿನ ಸಂತೋಷಕ್ಕಾಗಿ ಕಾಯಬೇಕಾದುದಿಲ್ಲ.

ಈ ಏರ್ಪಾಡುಗಳಲ್ಲಿ ಒಂದೊಂದೂ ಉಪಾಧ್ಯಾಯರ ಒಂದೊಂದು ಪ್ರಶ್ನೆಗೆ ಉತ್ತರವಾಗಿ ನಿಲ್ಲುತ್ತದೆ. ಆದರೆ ಅಚ್ಚಾದ ಕಾರ್ಡುಗಳು ಸಿದ್ಧವಾಗಿ ಶಾಲೆಗೆ ಬಂದಮಾತ್ರಕ್ಕೆ, ಅವುಗಳ ಹಿಂದಿದ್ದ ವಿಚಾರವೂ ಜೊತೆಯಲ್ಲಿ ಬಂದಂತಾಗುವುದಿಲ್ಲ. ಅದನ್ನು ಆಯಾ ತರಗತಿಯಲ್ಲಿ ಪ್ರತಿದಿನವೂ ಹೊಸದಾಗಿ ಮಾಡಬೇಕು. ಕೆಂಗೇರಿಯ ಕಡೆಯ ಜ್ಞಾನಭಾರತಿ ಆವರಣದಲ್ಲಿರುವ, 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂತಹ ಕಡೆಗಳಲ್ಲಿ ಉಪಾಧ್ಯಾಯರಿಗೆ ತರಬೇತಿ ದೊರೆಯುವುದುಂಟು. ಅದರ ಪ್ರಯೋಜನ ದೊಡ್ಡದೇ ಸರಿ. ಆದರೆ ತಮ್ಮ ಎದುರಿನ ಮಗುವನ್ನು ಅರಿಯುವ ಕೆಲಸ ತರಗತಿಗೇ ಉಳಿಯುತ್ತದೆ.

ಅದು ಹೇಗೆಂಬುದಕ್ಕೆ ಒಂದು ನಿದರ್ಶನ. ‘ಮುನ್ನೂರೈದು’ ಎಂದು ಹೇಳಿದರೆ ಮಗು 3005 ಎಂದು ಬರೆಯಿತೆನ್ನೋಣ. ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆಯುವುದು ಸುಲಭ. ಹೀಗೇಕೆ ಬರೆದೆಯೆಂದು ಕೇಳಿದರೆ, ಮುನ್ನೂರಕ್ಕೆ 300, ಅದರ ಮುಂದೆ 5 ಎಂದು ಮಗು ಹೇಳೀತು. ಅದು ಯೋಚಿಸದೆ ಬರೆದುದಲ್ಲ. ಕಿವಿಗೆ ಬಿದ್ದಂತೆ ಬರೆದಿದೆ. ಅದಕ್ಕೆ ತಿಳಿಯದಿರುವುದು ಸ್ಥಾನಬೆಲೆಯೊಂದೇ. ಕಡ್ಡಿಗಳನ್ನು ನೂರರ ಕಟ್ಟು, ಹತ್ತರ ಕಟ್ಟು, ಬಿಡಿ ಎಂದು ಮುಂದಿಟ್ಟು, ಹತ್ತರ ಕಟ್ಟು ಇಲ್ಲದ ಕಡೆ ಸೊನ್ನೆ ಬರುವುದನ್ನು ತೋರಿಸಿದರೆ ತೊಡಕು ಬಿಡುತ್ತದೆ. ಶಾಲೆ ಬಿಟ್ಟಮೇಲೆ, ಇಂದು ಯಾರು ಎಲ್ಲಿ ಎಡವಿದರು, ನಾಳೆ ಏನನ್ನು ಬದಲಾಯಿಸಬೇಕು ಎಂದು ಎರಡು ಸಾಲು ಬರೆದಿಡುವ ಉಪಾಧ್ಯಾಯರಿಗೆ ಇಂತಹ ಸಂಗತಿಗಳು ಕಣ್ಣುತಪ್ಪುವುದು ಕಡಮೆ.

ತಂದೆತಾಯಿಗಳೂ ಇದರಲ್ಲಿ ಪಾಲುಗಾರರು. ಶಾಲೆಗೆ ಹೋದಾಗ ನಾವು ಎಷ್ಟು ಅಂಕ ಬಂದಿತೆಂದು ವಿಚಾರಿಸುತ್ತೇವೆ. ಅದರೊಡನೆ, ನಮ್ಮ ಮಗು ಎಲ್ಲಿ ಎಡವುತ್ತಿದೆ, ಅದಕ್ಕೆ ನಾವೇನು ಮಾಡಬಹುದು ಎಂದೂ ಕೇಳೋಣ. ಉಪಾಧ್ಯಾಯರು ಉತ್ತರ ಹೇಳಲು ಒಂದು ದಿನದ ಕಾಲಾವಕಾಶ ಕೇಳಿದರೆ ಅದನ್ನು ಅಸಮರ್ಥತೆಯೆಂದು ಭಾವಿಸದೆ ಸಂತೋಷದಿಂದ ಕೊಡೋಣ. ಆ ಒಂದು ದಿನದಲ್ಲಿ ಅವರು ಮಗುವನ್ನು ಇನ್ನಷ್ಟು ಹತ್ತಿರದಿಂದ ನೋಡಿಯಾರು.