ಬಾಡಿ ಆಮೇಲೆ, ಎಂಜಿನ್ ಮೊದಲು: ಆರು ಅಡಿ ರೆಕ್ಕೆಯ 'ಮಾರುತ್' ಮಾಡಬೇಕು ಅನ್ನೋರಿಗೆ ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕಬ್ಬಿಗೆ ನೀರು ಬಿಡಾಕ ಹೊಂಟವರಿಗೂ ಸ್ವಾಗತ.

ಈ ಸಲದ ವಿಷಯ ರಿಮೋಟ್‌ನಿಂದ ಹಾರುವ ದೊಡ್ಡ ಯುದ್ಧವಿಮಾನದ ಮಾಡೆಲ್. ಅಂಗೈ ಮೇಲೆ ಕೂರೋ ಆಟಿಗಿ ಅಲ್ರಿ. ಆರು ಅಡಿ ರೆಕ್ಕೆ, ಹತ್ತು ಅಡಿ ಉದ್ದ, ಇಪ್ಪತ್ತು ಕೆಜಿ ತೂಕದ್ದು. ಯೂಟ್ಯೂಬ್‌ನಲ್ಲಿ ಇಂಥ ವಿಡಿಯೋ ನೋಡಿದ ಮೇಲೆ ಹುಡುಗರು ಕೇಳೋ ಮೊದಲ ಪ್ರಶ್ನೆ, "ಬಾಡಿ ಯಾವುದರಿಂದ ಮಾಡ್ಬೇಕು?" ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇದು, ಅದನ್ನ ಎಳೆಯೋದು ಯಾವುದು? ಇದನ್ನ ನಾನು ಹೇಳ್ತಿಲ್ಲ, ನಮ್ಮ ಬೆಂಗಳೂರಿನ ಒಂದು ವಿಮಾನದ ಇತಿಹಾಸ ಹೇಳ್ತದ.

ಎಂಜಿನ್ ಸಿಗದ ವಿಮಾನ

ಅದರ ಹೆಸರು ಎಚ್‌ಎಫ್-24 ಮಾರುತ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ, ಭಾರತದ ಮೊದಲ ಸ್ವದೇಶಿ ಜೆಟ್ ಯುದ್ಧವಿಮಾನ. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಫೋಕೆ-ವುಲ್ಫ್ 190 ವಿಮಾನದ ವಿನ್ಯಾಸಕಾರ, ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದು ಈ ಕೆಲಸದ ಮುಂದಾಳತ್ವ ವಹಿಸಿದರು.

ಮಾಡೆಲ್ ಮಾಡೋರಿಗೆ ಖುಷಿ ಆಗೋ ಸಂಗತಿ ಒಂದು ಐತಿ. ಮಾರುತ್‌ಗೂ ಒಂದು ಮಾಡೆಲ್ ಇತ್ತು. ಜೆಟ್ ಕಟ್ಟೋ ಮುಂಚೆ ಎಚ್‌ಎಎಲ್ ಅದೇ ಅಳತೆಯ, ಅದೇ ಆಕಾರದ ಒಂದು ಮರದ ಗ್ಲೈಡರ್ ಮಾಡಿತು. ಎಂಜಿನ್ ಇಲ್ಲ. ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದು ಬಿಡೋದು, ಅದು ತೇಲಿಕೊಂಡು ಇಳಿಯೋದು. 1959ರಿಂದ ಹೀಗೆ 78 ಹಾರಾಟ ನಡೆದವು. ರೆಕ್ಕೆ ಸರಿ ಇದೆಯಾ, ಕಂಟ್ರೋಲ್ ಮಾತು ಕೇಳ್ತದಾ ಅಂತ ಗೊತ್ತಾಗಿದ್ದು ಹಿಂಗ. ಆಮೇಲೆ 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಜೆಟ್ ಮಾರುತ್ ಹಾರಿಸಿದರು.

ಆಕಾರ ಭಾಳ ಚಂದ. ಧ್ವನಿಯ ಎರಡು ಪಟ್ಟು ವೇಗದ ಗುರಿ ಇಟ್ಟುಕೊಂಡೇ ಮಾಡಿದ್ದು. ಆದರೆ ಅದಕ್ಕೆ ಅಂತ ನಂಬಿಕೊಂಡಿದ್ದ ಹೆಚ್ಚು ಶಕ್ತಿಯ ಬ್ರಿಟಿಷ್ ಎಂಜಿನ್, ಆರ್ಫಿಯಸ್ 12, ಅರ್ಧಕ್ಕೇ ನಿಂತಿತು. ಮುಂದುವರಿಸಲು ಭಾರತ ದುಡ್ಡು ಹಾಕಬೇಕಿತ್ತು, ಹಾಕಲಿಲ್ಲ. ಕೊನೆಗೆ ಸಿಕ್ಕಿದ್ದು ಆರ್ಫಿಯಸ್ 703. ಎರಡು ಎಂಜಿನ್ ಸೇರಿ ಸುಮಾರು 4,400 ಕೆಜಿ ಎಳೆತ, ವಿಮಾನದ ತೂಕ ಹತ್ತಿರ ಹತ್ತಿರ 9,000 ಕೆಜಿ. ಅಂದ್ರೆ ತೂಕದ ಅರ್ಧಕ್ಕೂ ಕಡಿಮೆ ಎಳೆತ. ಧ್ವನಿಯ ವೇಗ ಮೀರೋಕೆ ಮಾಡಿದ ದೇಹ, ಸಪಾಟು ಹಾರಾಟದಲ್ಲಿ ಆ ವೇಗ ಮುಟ್ಟಲೇ ಇಲ್ಲ.

ಮುಂದೆ ಆಫ್ಟರ್‌ಬರ್ನರ್ ಸೇರಿಸಿ ನೋಡಿದರು. ಅದಕ್ಕಾಗಿ ಹಿಂಭಾಗ ದಪ್ಪ ಮಾಡಬೇಕಾಯ್ತು. ದಪ್ಪ ಆದದ್ದರಿಂದ ಗಾಳಿಯ ತಡೆ ಹೆಚ್ಚಾಯ್ತು, ಗಳಿಸಿದ ಶಕ್ತಿಯ ದೊಡ್ಡ ಪಾಲು ಅಲ್ಲೇ ಹೋಯ್ತು. 1970ರ ಜನವರಿ 10ರಂದು ಅಂಥ ಒಂದು ಮಾರುತ್ ಟೇಕ್‌ಆಫ್ ಆಗುವಾಗ ಬಿತ್ತು, ಸುರಂಜನ್ ದಾಸ್ ತೀರಿಕೊಂಡರು. ಒಟ್ಟು 147 ಮಾರುತ್ ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚಲೋ ಕೆಲಸ ಮಾಡಿದವು. ಆದರೂ ಅದರ ಹೆಸರು ಬಂದಾಗೆಲ್ಲ "ಎಂಜಿನ್ ಒಂದು ಸರಿಯಾದದ್ದು ಸಿಕ್ಕಿದ್ದರೆ" ಅನ್ನೋ ಮಾತು ಬರ್ತದ. ತೇಜಸ್ ಕೂಡ 2001ರ ಜನವರಿ 4ರಂದು ಮೊದಲು ಹಾರಿದ್ದು ಅಮೆರಿಕದ ಎಂಜಿನ್ ಮೇಲೆಯೇ. ಅದಕ್ಕೆಂದು ಬೆಂಗಳೂರಲ್ಲಿ ಶುರುವಾದ ಕಾವೇರಿ ಎಂಜಿನ್ ಆ ವಿಮಾನದೊಳಗೆ ಕೂರಲಿಲ್ಲ.

ಒಂದು ದೇಶಕ್ಕೆ ಆದದ್ದೇ ಶೆಡ್‌ನಲ್ಲಿ ಕೂತು ಮಾಡೆಲ್ ಮಾಡೋ ಹುಡುಗನಿಗೂ ಆಗ್ತದ. ಈಗ ಲೆಕ್ಕಕ್ಕೆ ಬರೋಣ.

ಅಳತೆ ಎರಡು ಪಟ್ಟು, ತೂಕ ಎಂಟು ಪಟ್ಟು

ನಿಜವಾದ ಮಾರುತ್‌ನ ಉದ್ದ 15.87 ಮೀಟರ್, ರೆಕ್ಕೆಯ ಅಗಲ 9 ಮೀಟರ್. ಐದರಲ್ಲಿ ಒಂದು ಪಾಲು ಮಾಡಿದರೆ ಉದ್ದ 3.17 ಮೀಟರ್, ರೆಕ್ಕೆ 1.8 ಮೀಟರ್. ಹತ್ತೂವರೆ ಅಡಿ ಉದ್ದ, ಆರು ಅಡಿ ರೆಕ್ಕೆ ಅನ್ನಿ. ಆಟೋದಾಗ ಹಿಡಿಯಂಗಿಲ್ಲ, ಟೆಂಪೋನೇ ಬೇಕು.

ಇಲ್ಲಿ ಒಂದು ಸೂತ್ರ ತಿಳಿದಿರಬೇಕು. ಅಳತೆ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಹಾರಿಸೋದು ವಿಸ್ತೀರ್ಣ, ಕೆಳಗೆಳೆಯೋದು ತೂಕ. ದೊಡ್ಡದಾದಷ್ಟೂ ತೂಕವೇ ಗೆಲ್ತಾ ಹೋಗ್ತದ. 9,000 ಕೆಜಿಯನ್ನ ಅದೇ ಪ್ರಮಾಣದಲ್ಲಿ ಇಳಿಸಿದರೆ ಐದನೇ ಒಂದು ಪಾಲಿನ ಮಾಡೆಲ್ 72 ಕೆಜಿ ಆಗಬೇಕು! ಅದಕ್ಕೇ ಮಾಡೆಲ್‌ನವರು ಬಾಲ್ಸಾ ಕಟ್ಟಿಗೆ, ತೆಳು ಪ್ಲೈವುಡ್, ಫೋಮ್ ಮೇಲೆ ಫೈಬರ್‌ಗ್ಲಾಸ್, ರೆಕ್ಕೆಯ ಒಳಗೆ ಕಾರ್ಬನ್ ಕೊಳವೆ ಬಳಸಿ 20 ಕೆಜಿಗೆ ತರೋದು.

20 ಕೆಜಿಯ ಈ ಮಾಡೆಲ್ ಗಾಳಿಯಲ್ಲಿ ನಿಲ್ಲಬೇಕು ಅಂದ್ರೆ ನನ್ನ ಲೆಕ್ಕದ ಪ್ರಕಾರ ಗಂಟೆಗೆ ಹೆಚ್ಚುಕಡಿಮೆ 65-70 ಕಿಲೋಮೀಟರ್ ವೇಗ ಬೇಕೇ ಬೇಕು. ಅದಕ್ಕಿಂತ ಕಡಿಮೆ ಆದ್ರ ಬೀಳ್ತದ. ಇಳಿಸುವಾಗ ಸುರಕ್ಷಿತವಾಗಿ 85-90 ಇಟ್ಟುಕೊಳ್ಳಬೇಕು. ಹೆದ್ದಾರಿ ಮೇಲೆ ಬೈಕ್ ಓಡೋ ವೇಗದಾಗ ಅದು ನೆಲ ಮುಟ್ತದ ಅಂತ ಅರ್ಥ.

ಶಕ್ತಿ ಎಲ್ಲಿಂದ? ಮೂರು ದಾರಿ

ಒಂದು, ಪೆಟ್ರೋಲ್ ಎಂಜಿನ್. ಹುಲ್ಲು ಕತ್ತರಿಸೋ ಬ್ರಷ್ ಕಟ್ಟರ್‌ನಲ್ಲಿ ಇರ್ತದಲ್ಲ, ಅದೇ ಜಾತಿಯ ಟು-ಸ್ಟ್ರೋಕ್, ಸ್ವಲ್ಪ ದೊಡ್ಡದು, 50-60 ಸಿಸಿ. ಪೆಟ್ರೋಲ್‌ಗೆ ಆಯಿಲ್ ಬೆರೆಸಿದರೆ ಆಯ್ತು. ಖರ್ಚು ಕಡಿಮೆ, ಹಾರಾಟ ಉದ್ದ. ಆದರೆ ಮುಂದೆ ಫ್ಯಾನ್ ತಿರುಗಬೇಕು. ಹಂಗಾಗಿ ಸ್ಪಿಟ್‌ಫೈರ್, ಹರಿಕೇನ್ ತರಹದ ಹಳೆ ಯುದ್ಧವಿಮಾನಕ್ಕೆ ಸರಿ, ಮಾರುತ್‌ಗೆ ಆಗಂಗಿಲ್ಲ.

ಎರಡು, ಡಕ್ಟೆಡ್ ಫ್ಯಾನ್. ಕೊಳವೆಯೊಳಗೆ ಕೂತ ಬ್ಯಾಟರಿ ಫ್ಯಾನ್. ನೋಡೋಕೆ ಜೆಟ್, ಕೆಲಸ ಮಾಡೋದು ಟೇಬಲ್ ಫ್ಯಾನ್‌ನ ತಮ್ಮ. ಇದರ ಶಕ್ತಿ ಅರ್ಥ ಆಗಬೇಕಂದ್ರ ಹೊಲದ ಪಂಪ್‌ಸೆಟ್ ನೆನೆಸಿಕೊಳ್ರಿ. 120 ಮಿಲಿಮೀಟರ್‌ನ ಒಂದು ಫ್ಯಾನ್ ಪೂರ್ತಿ ಓಡಿದಾಗ ತಗೊಳ್ಳೋದು ಸುಮಾರು 5.6 ಕಿಲೋವಾಟ್, ಅಂದರೆ ಏಳೂವರೆ ಎಚ್‌ಪಿ. ನಿಮ್ಮ ಬಾವಿ ಮೇಲೆ ಕೂತಿರೋ ಮೋಟರಿನಷ್ಟೇ! ಅದಕ್ಕೆ ಸಿಗೋ ಎಳೆತ 8 ಕೆಜಿ ಆಸುಪಾಸು. ಮಾರುತ್‌ಗೆ ಎರಡು ಎಂಜಿನ್ ಇದ್ದಂಗ ಎರಡು ಫ್ಯಾನ್ ಹಾಕಿದರೆ 16 ಕೆಜಿ. ತೂಕ 20 ಕೆಜಿ ಅಂದಾಗ ಎಳೆತ ತೂಕದ ಶೇಕಡಾ 80. ನಿಜವಾದ ಮಾರುತ್‌ಗಿಂತ ನಮ್ಮ ಮಾಡೆಲ್ಲೇ ಆರಾಮ.

ಈಗ ಬ್ಯಾಟರಿ ನೋಡ್ರಿ. 12 ಸೆಲ್‌ನ ಲಿಪೋ ಪ್ಯಾಕ್, 44.4 ವೋಲ್ಟ್, 5,000 ಎಂಎಎಚ್. 5.6 ಕಿಲೋವಾಟ್ ತೆಗೆಯೋಕೆ 126 ಆಂಪಿಯರ್ ಹರೀಬೇಕು. ಆ ವೇಗದಲ್ಲಿ ಪ್ಯಾಕ್ ಖಾಲಿ ಆಗೋದು 2 ನಿಮಿಷ 23 ಸೆಕೆಂಡಿನಲ್ಲಿ. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಸಾಯ್ತದ, ಹಾಗಾಗಿ ಶೇಕಡಾ 80ರಷ್ಟು ಮಾತ್ರ ಬಳಸಬೇಕು. ಸರಾಸರಿ ಅರ್ಧ ಶಕ್ತಿಯಲ್ಲಿ ಹಾರಿಸಿದರೂ ನಾಲ್ಕು ನಿಮಿಷದೊಳಗೆ ಆಟ ಮುಗೀತು. ನಾನು ಬಿಕಾಂ ಮಾಡಿದವನು, ಇಲ್ಲಿ ನನಗೆ ನೆನಪಾಗೋದು ಸವಕಳಿ. ಲಿಪೋ ಪ್ಯಾಕ್ ಹಾರಿಸಿದಷ್ಟೂ ಸವೀತದ. ಫ್ಯಾನ್ ಒಂದು ಸಲದ ಖರ್ಚು, ಬ್ಯಾಟರಿ ಪ್ರತಿ ಹಾರಾಟದ ಖರ್ಚು. ಬಜೆಟ್ ಹಾಕುವಾಗ ಎರಡನ್ನೂ ಬೇರೆ ಬೇರೆ ಕಾಲಮ್‌ನಲ್ಲಿ ಬರೀರಿ.

ಮೂರು, ನಿಜವಾದ ಸಣ್ಣ ಜೆಟ್ ಟರ್ಬೈನ್. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಇನ್ನೊಬ್ಬ ಕುರ್ಟ್, ಕುರ್ಟ್ ಶ್ರೆಕ್ಲಿಂಗ್, ಮನೆಯ ವರ್ಕ್‌ಶಾಪ್‌ನಲ್ಲೇ ಇಂಥದ್ದೊಂದು ಮಾಡಿ ತೋರಿಸಿದರು. ಗಾಳಿ ಒತ್ತುವ ಚಕ್ರ ಪ್ಲೈವುಡ್‌ದು, ಮೇಲೆ ಕಾರ್ಬನ್ ಫೈಬರ್ ಪಟ್ಟಿ. ಈಗ ಅಂಗಡಿಯಲ್ಲಿ ಸಿಗೋ 20 ಕೆಜಿ ಎಳೆತದ ಟರ್ಬೈನ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗ್ತದ. ಸೀಮೆಎಣ್ಣೆಯೇ ಇಂಧನ, ಪೂರ್ತಿ ಶಕ್ತಿಯಲ್ಲಿ ನಿಮಿಷಕ್ಕೆ ಮುಕ್ಕಾಲು ಲೀಟರ್‌ವರೆಗೆ ಕುಡೀತದ. ಒಂದು ಕೆಜಿ ಸೀಮೆಎಣ್ಣೆಯಲ್ಲಿರೋ ಶಕ್ತಿ ಒಂದು ಕೆಜಿ ಲಿಪೋಗಿಂತ ಅರವತ್ತು ಪಟ್ಟಿಗೂ ಮೇಲೆ, ಹಂಗಾಗಿ ಹಾರಾಟ ಉದ್ದ. ಬೆಲೆ ಮಾತ್ರ ಲಕ್ಷಗಳಲ್ಲಿ.

ಆದರೆ ನಮ್ಮ ಕಡೆ ಟರ್ಬೈನ್ ಬ್ಯಾಡ ಅಂತೀನಿ ನಾನು. ಕಾರಣ ದುಡ್ಡಲ್ಲ. ಅದರ ಹಿಂದಿನಿಂದ ಬರೋ ಗಾಳಿ 600-700 ಡಿಗ್ರಿ. ನಮ್ಮ ಸುತ್ತ ಏನೈತಿ? ಕಬ್ಬು. ಅಥಣಿ, ಕಾಗವಾಡದ ಕಡೆ ಕಟಾವಿನ ಹಂಗಾಮಿನಲ್ಲಿ ನೆಲದ ತುಂಬಾ ಒಣ ರವದಿ. ಟ್ಯಾಂಕ್‌ನಲ್ಲಿ ಸೀಮೆಎಣ್ಣೆ ಇಟ್ಟುಕೊಂಡ ಬಿಸಿ ಟರ್ಬೈನ್ ಅದರ ಮೇಲೆ ಬಿದ್ದರೆ ಒಬ್ಬ ರೈತನ ವರ್ಷದ ದುಡಿಮೆ ಹತ್ತು ನಿಮಿಷದಾಗ ಬೂದಿ. ಬ್ಯಾಟರಿಯೂ ಜಜ್ಜಿದರೆ ಉರೀತದ, ಅದನ್ನ ಮರೀಬ್ಯಾಡ್ರಿ. ಯಾವುದೇ ಇರಲಿ, ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿಲ್ಲದೆ ಹಾರಿಸಬಾರದು.

ಎಂಜಿನ್ ಆರಿಸಿದ ಮೇಲೆ ಬಾಡಿ

ಫ್ಯಾನ್ ಯಾವುದು ಅಂತ ನಿಕ್ಕಿ ಆದರೆ ಉಳಿದದ್ದು ತಾನಾಗೇ ನಿಕ್ಕಿ ಆಗ್ತದ. ಗಾಳಿ ಒಳಬರೋ ಬಾಯಿ ಎಷ್ಟು ದೊಡ್ಡದಿರಬೇಕು ಅಂತ ಹೇಳೋದು ಫ್ಯಾನ್. ಮಾರುತ್‌ನ ಬಾಯಿ ಎರಡೂ ಪಕ್ಕದಲ್ಲಿ, ಸಣ್ಣವು. ಅಳತೆ ಪ್ರಕಾರ ಹಂಗೇ ಮಾಡಿದರೆ ಫ್ಯಾನ್‌ಗೆ ಉಸಿರು ಸಾಲದು. ಅದಕ್ಕೇ ಮಾಡೆಲ್‌ನವರು ಕಣ್ಣಿಗೆ ಬೀಳದಂಗ ಹೊಟ್ಟೆಯ ಕೆಳಗೆ ಹೆಚ್ಚುವರಿ ಕಿಂಡಿ ಇಡ್ತಾರ. ಬಾಡಿ ಮೊದಲು ಮಾಡಿ ಆಮೇಲೆ ಫ್ಯಾನ್ ತುರುಕಿದರೆ ಕಿಂಡಿಗೂ ಜಾಗ ಇಲ್ಲ, ಬ್ಯಾಟರಿಗೂ ಜಾಗ ಇಲ್ಲ.

ಬ್ಯಾಟರಿ ಎಲ್ಲಿ ಇಡಬೇಕು ಅನ್ನೋದು ಇನ್ನೂ ಮುಖ್ಯ. ಚಕ್ಕಡಿಗೆ ಕಬ್ಬು ಹೇರಿದ್ದು ನೋಡಿದೀರಲ್ಲ? ಭಾರ ಹಿಂದಾದರೆ ನೊಗ ಮೇಲಕ್ಕೆ ಏಳ್ತದ, ಮುಂದಾದರೆ ಎತ್ತಿನ ಹೆಗಲಿಗೆ ಬೀಳ್ತದ. ವಿಮಾನನೂ ಅಷ್ಟೇ. ಮೂಗು ಸ್ವಲ್ಪ ಭಾರ ಇದ್ದರೆ ಸಂಭಾಳಿಸಬಹುದು. ಬಾಲ ಭಾರ ಆದರೆ ಟೇಕ್‌ಆಫ್ ಆದ ಎರಡು ಸೆಕೆಂಡಿಗೆ ಮೂಗೆತ್ತಿ ಮಗುಚಿ ಬೀಳ್ತದ. ಮಾರುತ್‌ನ ಎಂಜಿನ್ ಹಿಂದೆ ಇರೋದ್ರಿಂದ ಬ್ಯಾಟರಿ ಮೂಗಿನ ಕಡೆ ಹೋಗಬೇಕು.

ರೇಡಿಯೋದಲ್ಲಿ ಉಳಿತಾಯ ಮಾಡಬೇಡಿ. ರಿಸೀವರ್‌ಗೆ ಬೇರೆ ಬ್ಯಾಟರಿ, ಅದೂ ಎರಡು. ಫೇಲ್‌ಸೇಫ್ ಸೆಟ್ ಮಾಡಿರಲೇಬೇಕು. ಸಿಗ್ನಲ್ ತಪ್ಪಿದ ಕ್ಷಣ ಮೋಟರ್ ತಾನಾಗೇ ನಿಲ್ಲಬೇಕು. ಇದನ್ನ ನೆಲದ ಮೇಲೆ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷೆ ಮಾಡ್ರಿ.

ಹಾರಿಸೋದು ಎಲ್ಲಿ, ಹೆಂಗ

20 ಕೆಜಿ ವಿಮಾನ ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಹೊಡೆತ ಎಷ್ಟು? 50 ಕೆಜಿ ಸಕ್ಕರೆ ಚೀಲವನ್ನ ಹತ್ತು ಅಂತಸ್ತಿನ ಮೇಲಿಂದ ಬಿಟ್ಟಷ್ಟು. ಕೆಳಗೆ ಕಳೆ ತೆಗೀತಿರೋ ಹೆಣ್ಮಕ್ಕಳು ಇದ್ದರೆ? ಅದಕ್ಕೇ ಕಾನೂನು ಇದನ್ನ ಆಟಿಕೆ ಅಂತ ಬಿಡೋದಿಲ್ಲ.

2021ರ ಡ್ರೋನ್ ನಿಯಮಗಳಲ್ಲಿ ಇಂಥ ಮಾಡೆಲ್‌ಗೆ ಬೇರೆಯೇ ಹೆಸರಿದೆ. 25 ಕೆಜಿ ಮೀರಬಾರದು, ಕಣ್ಣಿಗೆ ಕಾಣೋ ದೂರದಲ್ಲೇ ಹಾರಬೇಕು, ಹವ್ಯಾಸ, ಕಲಿಕೆ, ಸಂಶೋಧನೆಗೆ ಮಾತ್ರ. 2 ಕೆಜಿ ಒಳಗಿನದನ್ನ ಹವ್ಯಾಸಕ್ಕೆ ಹಾರಿಸೋರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ, ಅದಕ್ಕಿಂತ ಹೆಚ್ಚಾದರೆ ಬೇಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ ನೋಡ್ಕೊಳ್ರಿ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಊರು ಹಸಿರಿದ್ದರೆ 400 ಅಡಿವರೆಗೆ ಹಾರಿಸಬಹುದು. ಕೊಲ್ಹಾಪುರ, ಸಾಂಬ್ರಾ ಎರಡೂ ವಿಮಾನ ನಿಲ್ದಾಣ ನಮ್ಮಿಂದ ದೂರ ಐತಿ ಅಂತ ಉದಾಸೀನ ಬ್ಯಾಡ, ಹಾರಿಸೋ ದಿನದ ನಕ್ಷೆ, ಅಂದಿನ ನಿಯಮ ನೋಡೇ ಹೊರಡ್ರಿ. ಇನ್ನೊಂದು ಮಾತು, 2022ರ ಫೆಬ್ರವರಿಯಿಂದ ಸಿದ್ಧ ಡ್ರೋನ್ ಆಮದಿಗೆ ನಿಷೇಧ ಇದೆ, ಬಿಡಿಭಾಗಕ್ಕೆ ಇಲ್ಲ. ಹೊರದೇಶದಿಂದ ಪೂರ್ತಿ ಕಿಟ್ ತರಿಸೋರು ದುಡ್ಡು ಕಟ್ಟೋ ಮುಂಚೆ ವಿಚಾರಿಸ್ರಿ.

ಎಲ್ಲಕ್ಕಿಂತ ಮೊದಲು ಎಚ್‌ಎಎಲ್ ಮಾಡಿದ್ದನ್ನೇ ಮಾಡ್ರಿ. ಗ್ಲೈಡರ್! ಹತ್ತರಲ್ಲಿ ಒಂದು ಪಾಲಿನ ಮಾರುತ್, 90 ಸೆಂಟಿಮೀಟರ್ ರೆಕ್ಕೆ, ಫೋಮ್ ಶೀಟ್‌ನದು, ಎಂಜಿನ್ ಇಲ್ಲದ್ದು. ರಬ್ಬರ್ ಹಗ್ಗದಿಂದ ಎಳೆದು ಬಿಟ್ಟು ತೂಕದ ಸಮತೋಲನ ಕಲೀರಿ. ಆಮೇಲೆ ಅದಕ್ಕೇ ಎರಡು ಸಣ್ಣ ಫ್ಯಾನ್, ಒಟ್ಟು ತೂಕ 2 ಕೆಜಿ ಒಳಗೆ. ಅದು ಐವತ್ತು ಸಲ ನೆಟ್ಟಗೆ ಇಳಿದ ಮೇಲೆ ಆರು ಅಡಿಯದ್ದರ ಮಾತು.

ನಮ್ಮ ಕಡೆ ಕೈಗೆಲಸಕ್ಕೆ ಬರ ಇಲ್ರಿ. ನಿಪ್ಪಾಣಿಯಿಂದ ಬೆಳಗಾವಿಗೆ ಹೋಗೋ ಹೆದ್ದಾರಿಯಲ್ಲಿ, ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಏಕಸ್‌ನ ಕಾರ್ಖಾನೆಗಳೊಳಗೆ ನಿಜವಾದ ಏರ್‌ಬಸ್ ವಿಮಾನಗಳ ಬಿಡಿಭಾಗ ತಯಾರಾಗ್ತವ. ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿರೋ ಮಾರುತ್ ನೋಡಿ ಬರ್ರಿ. ಹಿಂದೆ ಹೋಗಿ ಆ ಎರಡು ಎಂಜಿನ್ ಕೊಳವೆ ನೋಡ್ರಿ. ಅಷ್ಟು ಚಂದದ ದೇಹಕ್ಕೆ ಅವು ಸಾಲಲಿಲ್ಲ. ನಿಮ್ಮ ಹಾಳೆಯ ಮೇಲೆ ಮೊದಲ ಗೆರೆ ಎಳೆಯೋದು ಅಲ್ಲಿಂದಲೇ ಆಗಲಿ.

ಪ್ರಶ್ನೆ ಇದ್ರ ವಾಯ್ಸ್ ನೋಟ್ ಕಳಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.