ಮಕ್ಕಳ ವಿಮೆಯ ಕಂತು ಯಾರು ಕಟ್ಟಬೇಕು?

1980ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಲಿನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ಆರೋಗ್ಯ ವಿಮೆ ಹೆಚ್ಚಾಗಿ ನೌಕರಿಗೆ ಅಂಟಿಕೊಂಡೇ ಬರುವಂಥದ್ದು. ಕೆಲಸ ಹೋದರೆ ಅದೂ ಹೋಯಿತು. ಮಗುವಿನ ಕಿವಿ ಸೋರಿದರೂ ವೈದ್ಯರ ಬಳಿ ಹೋಗಲು ಹಿಂದೆಮುಂದೆ ನೋಡಬೇಕಾದ ಸ್ಥಿತಿ. ಸ್ಥಳೀಯ ಚರ್ಚಿನವರು, ದಾನಿಗಳು ಮತ್ತು ಬ್ಲೂ ಕ್ರಾಸ್ ವಿಮಾ ಸಂಸ್ಥೆ ಕೈಜೋಡಿಸಿ 1985ರಲ್ಲಿ ‘ಕೇರಿಂಗ್ ಪ್ರೋಗ್ರಾಂ’ ಆರಂಭಿಸಿದರು. ದೇಣಿಗೆಯ ಹಣದಿಂದ ಇಂಥ ಮನೆಗಳ ಮಕ್ಕಳ ವಿಮಾ ಕಂತು ಕಟ್ಟುವ ಏರ್ಪಾಡು ಅದು.

ಈ ಪ್ರಯತ್ನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸರ್ಕಾರಕ್ಕೆ ಕಾಣದ ಮಕ್ಕಳನ್ನು ದಾನಿಗಳು ಕಂಡರು. ಆದರೆ ಊರು ಸೊರಗಿದಾಗ ಬೇಡುವ ಕೈಗಳು ಹೆಚ್ಚುತ್ತವೆ, ಕೊಡುವ ಕೈಗಳು ಅದೇ ಹೊತ್ತಿಗೆ ಕಡಿಮೆಯಾಗುತ್ತವೆ. ದಾನದ ಈ ಮಿತಿಯನ್ನು ಎಷ್ಟೇ ಒಳ್ಳೆಯ ಮನಸ್ಸೂ ದಾಟಲಾರದು. 1992ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯವು ಇದೇ ಮಾದರಿಯನ್ನು ಸಿಗರೇಟ್ ತೆರಿಗೆಯ ಹಣದಿಂದ ಕಾನೂನಾಗಿಸಿತು. 1997ರಲ್ಲಿ ಡೆಮಾಕ್ರಟಿಕ್ ಪಕ್ಷದ ಟೆಡ್ ಕೆನಡಿ ಮತ್ತು ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಒಟ್ಟಾಗಿ ಶ್ರಮಿಸಿ ಇಡೀ ದೇಶಕ್ಕೆ ಮಕ್ಕಳ ಆರೋಗ್ಯ ವಿಮಾ ಯೋಜನೆ ತಂದರು. ಆಗ ಸುಮಾರು ಒಂದು ಕೋಟಿ ಮಕ್ಕಳಿಗೆ ವಿಮೆಯೇ ಇರಲಿಲ್ಲ. 2016ರ ಹೊತ್ತಿಗೆ ವಿಮೆಯಿಲ್ಲದ ಮಕ್ಕಳ ಪ್ರಮಾಣ ಶೇ 5ರ ಆಸುಪಾಸಿಗೆ ಇಳಿದಿತ್ತು.

ವಿಮೆ ಸಿಕ್ಕರೆ ಆರೋಗ್ಯ ನಿಜಕ್ಕೂ ಸುಧಾರಿಸುತ್ತದೆಯೇ? ವಿಮೆಯಿರುವ ಮನೆಗಳನ್ನೂ ಇಲ್ಲದ ಮನೆಗಳನ್ನೂ ಸುಮ್ಮನೆ ಹೋಲಿಸಿದರೆ ಉತ್ತರ ಸಿಗದು; ಆ ಮನೆಗಳ ಆದಾಯ, ಓದು, ನೆರೆಹೊರೆ ಎಲ್ಲವೂ ಬೇರೆ ಬೇರೆ. ಸಂಶೋಧಕರಿಗೆ ನೆರವಾದದ್ದು ಒಂದು ತಾರೀಖು. ಬಡವರಿಗಾಗಿ ಸರ್ಕಾರ ನಡೆಸುವ ಮೆಡಿಕೇಯ್ಡ್ ವಿಮೆಯನ್ನು ವಿಸ್ತರಿಸುವಾಗ ಅಮೆರಿಕದ ಕಾಂಗ್ರೆಸ್, 1983ರ ಸೆಪ್ಟೆಂಬರ್ 30ರ ನಂತರ ಹುಟ್ಟಿದವರಿಗೆ ಮಾತ್ರ ಎಂಬ ಗೆರೆ ಎಳೆಯಿತು. ಸೆಪ್ಟೆಂಬರ್ ಕೊನೆಯಲ್ಲಿ ಹುಟ್ಟಿದ ಮಗುವಿಗೂ ಅಕ್ಟೋಬರ್ ಮೊದಲ ವಾರದಲ್ಲಿ ಹುಟ್ಟಿದ ಮಗುವಿಗೂ ಬೇರೆ ಯಾವ ವ್ಯತ್ಯಾಸವಿದ್ದೀತು? ಆದರೂ ಎರಡನೆಯ ಮಗುವಿಗೆ, ಕುಟುಂಬ ಬಡವಾಗಿದ್ದರೆ, 8ರಿಂದ 14ನೇ ವಯಸ್ಸಿನ ನಡುವೆ ಐದು ವರ್ಷದವರೆಗೆ ಹೆಚ್ಚುವರಿ ವಿಮೆಯ ಅರ್ಹತೆ ದಕ್ಕಿತು.

ಗೆರೆಯ ಎರಡೂ ಕಡೆಯವರು 25ನೇ ವಯಸ್ಸಿಗೆ ಬಂದಾಗಿನ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರು ನೋಡಿದರು. ಈ ಅರ್ಹತೆಯ ಲಾಭ ಹೆಚ್ಚಾಗಿ ತಲುಪಿದ್ದ ಕಪ್ಪು ಸಮುದಾಯದಲ್ಲಿ, ಗೆರೆಯ ಆಚೆ ಹುಟ್ಟಿದವರು ಆಸ್ಪತ್ರೆಗೆ ಸೇರಿದ್ದು ಕಡಿಮೆ. ದೀರ್ಘಕಾಲದ ಕಾಯಿಲೆಗಳಲ್ಲಿ ಈ ಇಳಿಕೆ ಎದ್ದು ಕಂಡಿತು. ತೆರಿಗೆ ದಾಖಲೆಗಳನ್ನು ಆಧರಿಸಿದ ಮತ್ತೊಂದು ಅಧ್ಯಯನದಲ್ಲಿ, ಬಾಲ್ಯದಲ್ಲಿ ಹೆಚ್ಚು ವರ್ಷ ಅರ್ಹತೆ ಪಡೆದವರು ದೊಡ್ಡವರಾಗಿ ಹೆಚ್ಚು ತೆರಿಗೆ ಕಟ್ಟಿದ್ದು ಕಂಡುಬಂತು.

ಫಲ ಕೈಗೆ ಬರಲು ಹತ್ತಾರು ವರ್ಷ ಬೇಕು ಎಂಬುದೇ ಇಲ್ಲಿ ಮುಖ್ಯ. ಅಸ್ತಮಾ ಇರುವ ಹುಡುಗಿಗೆ ಉಸಿರು ಕಟ್ಟಿದ ದಿನ ನೆರವು ನೀಡಲು ದಾನಿಗಳು ಮುಂದೆ ಬರುತ್ತಾರೆ. ಆದರೆ ಅವಳಿಗೆ ಬೇಕಿರುವುದು ಉಸಿರು ಕಟ್ಟದಂತೆ ದಿನವೂ ಎಳೆದುಕೊಳ್ಳುವ ಇನ್ಹೇಲರ್, ಆಗಾಗ ವೈದ್ಯರ ಭೇಟಿ, ಅದೂ ವರ್ಷಾನುಗಟ್ಟಲೆ. ಅಷ್ಟು ಕಾಲ ತಪ್ಪದೆ ಹಣ ಹೊಂದಿಸಬಲ್ಲದ್ದು ತೆರಿಗೆ ಎತ್ತುವ ಸರ್ಕಾರ ಮಾತ್ರ.

ಆ ಸರ್ಕಾರವೂ ತಪ್ಪಿದ್ದುಂಟು. ಮಕ್ಕಳ ಆರೋಗ್ಯ ವಿಮಾ ಯೋಜನೆಯ ವಿಸ್ತರಣೆಗೆ 2007ರಲ್ಲಿ ಅಧ್ಯಕ್ಷ ಬುಷ್ ಎರಡು ಬಾರಿ ವಿಟೊ ಹಾಕಿದರು. 2017ರ ಸೆಪ್ಟೆಂಬರ್ 30ಕ್ಕೆ ಅನುದಾನದ ಅವಧಿಯೇ ಮುಗಿಯಿತು. ಕೊಲರಾಡೊ, ವರ್ಜೀನಿಯಾದ ಕುಟುಂಬಗಳಿಗೆ ವಿಮೆ ನಿಲ್ಲಬಹುದೆಂಬ ಪತ್ರಗಳು ಹೋದವು. ಯೋಜನೆಯನ್ನು ಹತ್ತು ವರ್ಷ ವಿಸ್ತರಿಸಿದರೆ ಸರ್ಕಾರಕ್ಕೆ ಸುಮಾರು 600 ಕೋಟಿ ಡಾಲರ್ ಉಳಿಯುತ್ತದೆ ಎಂದು ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಲೆಕ್ಕ ಕೊಟ್ಟದ್ದು ಇದೇ ಬಿಕ್ಕಟ್ಟಿನ ನಡುವೆ. ಬಳಿಕ ಅನುದಾನ 2027ರವರೆಗೆ, ಆಮೇಲೆ 2029ರವರೆಗೆ ವಿಸ್ತರಣೆಯಾಯಿತು. ಮತ್ತೊಮ್ಮೆ ಅವಧಿ ಮುಗಿಯುವ ಮೊದಲೇ ಅದನ್ನು ಕಾಯಂಗೊಳಿಸಬೇಕು.