ಲಿವರ್ ಆಕ್ಷನ್ ರೈಫಲ್‌ಗಳ ಅಪರ್ಚರ್ ಸೈಟ್

ಅಪರ್ಚರ್ ಸೈಟ್ ಅಥವಾ ಪೀಪ್ ಸೈಟ್ ಎಂಬುದು ಬಂದೂಕಿನ ಹಿಂಭಾಗದಲ್ಲಿ ಅಳವಡಿಸುವ, ನಡುವೆ ಸಣ್ಣ ರಂಧ್ರವುಳ್ಳ ಗುರಿಸಾಧನ. ಕುದುರೆಯ ಬಳಿಯ ಸನ್ನೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದು ತೋಟಾ ತುಂಬುವ ಲಿವರ್ ಆಕ್ಷನ್ ರೈಫಲ್‌ಗಳಲ್ಲಿ, ಕಾರ್ಖಾನೆಯಿಂದ ಬಂದ ತೆರೆದ ಸೈಟ್‌ಗೆ ಬದಲಾಗಿ ಇದನ್ನು ಹಾಕಿಸಿಕೊಳ್ಳುವ ರೂಢಿ ಅಮೆರಿಕದಲ್ಲಿ 19ನೆಯ ಶತಮಾನದಿಂದ ಇದೆ. ಕನೆಕ್ಟಿಕಟ್‌ನ ವಿಲಿಯಂ ಲೈಮನ್ ಇಂತಹ ಸೈಟ್‌ಗೆ 1879ರಲ್ಲಿ ಪೇಟೆಂಟ್ ಪಡೆದನು.

ಕಾರ್ಯವಿಧಾನ

ತೆರೆದ ಸೈಟ್‌ನಲ್ಲಿ ನಳಿಗೆಯ ಮೇಲಿನ ಕಚ್ಚು, ಮೂತಿಯ ಬಳಿಯ ಮುಂದಿನ ಸೈಟ್ ಮತ್ತು ಗುರಿ ಈ ಮೂರನ್ನೂ ಒಂದೇ ಸಾಲಿಗೆ ತರಬೇಕು. ಮೂರೂ ಬೇರೆ ಬೇರೆ ದೂರದಲ್ಲಿರುವುದರಿಂದ ಕಣ್ಣು ಏಕಕಾಲಕ್ಕೆ ಎಲ್ಲವನ್ನೂ ಸ್ಪಷ್ಟವಾಗಿ ಕಾಣಲಾರದು. ನಲವತ್ತು ದಾಟಿ ಚಾಳೀಸು ಬಂದವರಿಗೆ ಹಿಂದಿನ ಕಚ್ಚು ಪೂರ್ತಿ ಮಸುಕಾಗುತ್ತದೆ. ಅಪರ್ಚರ್ ಸೈಟ್‌ನಲ್ಲಿ ರಂಧ್ರವನ್ನು ನೋಡಬೇಕಿಲ್ಲ, ಅದರ ಮೂಲಕ ನೋಡಿದರೆ ಸಾಕು. ಉಂಗುರ ಮಸುಕಾಗಿಯೇ ಉಳಿಯುತ್ತದೆ; ಕಣ್ಣು ಮುಂದಿನ ಸೈಟ್‌ನ ತುದಿಯನ್ನು ತಾನಾಗಿಯೇ ಅದರ ನಡುವಿಗೆ ತಂದುಕೊಳ್ಳುತ್ತದೆ. ಸೂಜಿರಂಧ್ರ ಕ್ಯಾಮೆರಾದಲ್ಲಿರುವಂತೆ ಸಣ್ಣ ರಂಧ್ರವು ಹತ್ತಿರದ ಮತ್ತು ದೂರದ ವಸ್ತುಗಳೆರಡನ್ನೂ ಹೆಚ್ಚು ಸ್ಪಷ್ಟಗೊಳಿಸುತ್ತದೆ. ಸೈಟ್ ಹಿಂದಕ್ಕೆ ಸರಿಯುವುದರಿಂದ ಎರಡು ಸೈಟ್‌ಗಳ ನಡುವಿನ ಅಂತರ ಹೆಚ್ಚಿ, ಹೊಂದಾಣಿಕೆಯ ಸಣ್ಣ ದೋಷದ ಪರಿಣಾಮ ಕಡಿಮೆಯಾಗುತ್ತದೆ.

ಸ್ಥಾನ

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ವಿಂಚೆಸ್ಟರ್ 1894 ಮೂಲತಃ ಖಾಲಿ ತೋಟಾವನ್ನು ಮೇಲಕ್ಕೆ ಎಸೆಯುತ್ತಿತ್ತು. ಆದ್ದರಿಂದ ನಡುವೆ ದೂರದರ್ಶಕ ಕೂರಿಸುವುದು ಕಷ್ಟವಾಗಿ, ರಿಸೀವರ್‌ನ ಪಕ್ಕಕ್ಕೆ ತಿರುಪಿನಿಂದ ಬಿಗಿಯುವ ಅಪರ್ಚರ್ ಸೈಟ್ ಅದಕ್ಕೆ ಸಹಜವಾಗಿ ಒಗ್ಗಿತು. 1948ರಲ್ಲಿ ಬಂದ ಮಾರ್ಲಿನ್ 336 ತೋಟಾವನ್ನು ಪಕ್ಕಕ್ಕೆ ಎಸೆಯುತ್ತದೆ; ಅದರಲ್ಲಿ ಎರಡೂ ಸಾಧ್ಯ. ಹಳೆಯ ರೈಫಲ್‌ನ ರಿಸೀವರ್‌ನಲ್ಲಿ ತಿರುಪಿನ ತೂತುಗಳಿಲ್ಲದಿದ್ದರೆ ಹೊಸದಾಗಿ ಕೊರೆಯಬೇಕಾಗುತ್ತದೆ, ಆಗ ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಬೆಲೆ ಕುಗ್ಗುತ್ತದೆ. ಮರದ ಹಿಡಿಯ ಮೇಲೆ ಚಾಚಿದ ಲೋಹದ ಪಟ್ಟಿಗೆ ಕೂರಿಸುವ ಟ್ಯಾಂಗ್ ಸೈಟ್ ಕಣ್ಣಿಗೆ ಇನ್ನೂ ಹತ್ತಿರವಿದ್ದು ನಿಖರತೆ ಹೆಚ್ಚಿಸುತ್ತದೆ. ಆದರೆ ಜೋರಾಗಿ ಹಿಂದಕ್ಕೆ ಒದೆಯುವ ತೋಟಾಗಳಲ್ಲಿ ಅದು ಕಣ್ಣಿಗೆ ಬಡಿಯುವ ಅಪಾಯವಿದೆ.

ರಂಧ್ರದ ಅಳತೆ

ರಂಧ್ರ ಸಣ್ಣದಾದಷ್ಟೂ ಒಳ್ಳೆಯದೆಂಬ ನಂಬಿಕೆ ಹಗಲಿನ ಗುರಿ ಅಭ್ಯಾಸಕ್ಕೆ ಮಾತ್ರ ಸಲ್ಲುತ್ತದೆ. ಜಿಂಕೆಗಳು ಹೊರಬರುವುದು ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ಆ ಬೆಳಕಿನಲ್ಲಿ ಸಣ್ಣ ರಂಧ್ರದೊಳಗೆ ಮುಂದಿನ ಸೈಟ್ ಕಾಣದೇ ಹೋಗುತ್ತದೆ. ಹಾಗೆ ಅಂದಾಜಿನಲ್ಲಿ ಹಾರಿಸಿದ ಗುಂಡಿನಿಂದ ಪ್ರಾಣಿ ಸಾಯದೆ ಗಾಯಗೊಂಡು ಓಡಿಹೋಗಬಹುದು. ಆದ್ದರಿಂದ ಕಾಡಿನ ಬಳಕೆಗೆ ತೆಳು ಅಂಚಿನ ದೊಡ್ಡ ರಂಧ್ರವುಳ್ಳ 'ಘೋಸ್ಟ್ ರಿಂಗ್' ಹೆಚ್ಚು ಸೂಕ್ತ. ಅನೇಕ ಸೈಟ್‌ಗಳಲ್ಲಿ ರಂಧ್ರದ ಬಿಲ್ಲೆಯನ್ನು ತಿರುಗಿಸಿ ತೆಗೆಯಬಹುದು. ಉಳಿಯುವ ತೂತೇ ದೊಡ್ಡ ರಂಧ್ರವಾಗಿ ಕೆಲಸ ಮಾಡುತ್ತದೆ.

ಮುಂದಿನ ಸೈಟ್‌ನ ಎತ್ತರ

ಕೊಳ್ಳುವವರು ಸಾಮಾನ್ಯವಾಗಿ ಮರೆಯುವ ಅಂಶ ಇದು. ಅಪರ್ಚರ್ ಸೈಟ್ ಹಳೆಯ ಸೈಟ್‌ಗಿಂತ ಎತ್ತರದಲ್ಲಿ ಕೂರುವುದುಂಟು. ಆಗ ಅದನ್ನು ಪೂರ್ತಿ ಇಳಿಸಿದರೂ ಗುಂಡು ಗುರಿಗಿಂತ ಮೇಲೆ ಬೀಳುತ್ತದೆ, ಮುಂದಿನ ಸೈಟನ್ನು ಎತ್ತರಿಸಬೇಕಾಗುತ್ತದೆ. ಎಷ್ಟು ಎತ್ತರಿಸಬೇಕೆಂಬುದನ್ನು ತಿಳಿಯಲು ಗುಂಡು ತಪ್ಪಿದ ಅಳತೆಯನ್ನು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ ಗುರಿಯ ದೂರದಿಂದ ಭಾಗಿಸಬೇಕು. ಅಂತರ 600 ಮಿ.ಮೀ. ಇದ್ದು, 50 ಮೀಟರ್ ದೂರದಲ್ಲಿ ಗುಂಡು 100 ಮಿ.ಮೀ. ಮೇಲೆ ಬಿದ್ದರೆ, ಮುಂದಿನ ಸೈಟ್ 1.2 ಮಿ.ಮೀ. ಎತ್ತರವಾಗಬೇಕು. ತುಸು ಹೆಚ್ಚು ಎತ್ತರದ್ದನ್ನೇ ಕೊಂಡು, ಗುಂಡು ಸರಿಯಾದ ಜಾಗಕ್ಕೆ ಬರುವವರೆಗೆ ಅರದಿಂದ ಸ್ವಲ್ಪಸ್ವಲ್ಪವೇ ಉಜ್ಜಿ ತಗ್ಗಿಸುವ ಪದ್ಧತಿಯೂ ಇದೆ.